ಟಾಚಣಿ ಚುಚ್ಚಿದ ನಂಬರು

ನನ್ನ ವಯಸ್ಸಿನವರು ನಿವೃತ್ತಿ ಎಂಬ ಮಾತು ಆಡಿದರೆ ಜನ ನಗುತ್ತಾರೆ. ಆದರೆ ಒಂದು ಕೆಲಸಕ್ಕೆ ಇನ್ನೆಂದೂ ಮರಳುವುದಿಲ್ಲ ಎಂದು ನಿಶ್ಚಯಿಸಿಕೊಂಡ ಮೇಲೆ ಅದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ. ನಾನು ಹಾನಗಲ್ಲಿನ ಒಂದು ಆನ್‌ಲೈನ್ ಅಂಗಡಿಯಲ್ಲಿ ಅರ್ಜಿ ತುಂಬುವ ಕೆಲಸದಲ್ಲಿದ್ದೆ. ಈಗ ಹಿರೇಕೆರೂರಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ನನ್ನಲ್ಲಿ ಕಲಿತ ಹುಡುಗಿಯರು ಶಿಗ್ಗಾವಿ, ಸವಣೂರು, ಹಾನಗಲ್ಲುಗಳ ಅಂಥದೇ ಅಂಗಡಿಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಹೋಗುವ ಮುಂಚೆ, ಶಾರ್ಟ್‌ಕಟ್‌ಗಳನ್ನೆಲ್ಲ ಬರೆದುಕೊಡಿ ಎನ್ನುತ್ತಾರೆ. ಬರೆದುಕೊಡುತ್ತೇನೆ. ಒಂದನ್ನು ಮಾತ್ರ ಬರೆದುಕೊಟ್ಟರೆ ಸಾಲದು, ಅದನ್ನು ನಾನು ಹೇಗೆ ಕಂಡುಕೊಂಡೆ ಎಂಬುದನ್ನೂ ಹೇಳಬೇಕು.

ಅಂಗಡಿ ಬಸ್ ಸ್ಟ್ಯಾಂಡಿನ ಹತ್ತಿರವೇ ಇತ್ತು. ಒಳಗೆ ನಾವು ಮೂವರು. ಮಾಲೀಕರ ಹೆಸರು ಗುರುಸಿದ್ದಪ್ಪ, ಊರಿಗೆಲ್ಲ ಗುರಣ್ಣ. ಝೆರಾಕ್ಸ್, ಲ್ಯಾಮಿನೇಶನ್, ಪಾಸ್‌ಪೋರ್ಟ್ ಫೋಟೋ ಕತ್ತರಿಸುವ ಕೆಲಸಕ್ಕೆ ಸವಣೂರಿನ ಖಾಜಾಸಾಬ, ಐವತ್ತು ದಾಟಿದವರು. ಮೂರನೆಯವಳು ನಾನು, ಬಂಕಾಪುರದಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವಳು. ಗುರಣ್ಣ ಅಂಗಡಿಗೆ ಬಂದ ಹುಡುಗಿಯರನ್ನೆಲ್ಲ ‘ತಂಗಿ’ ಎನ್ನುತ್ತಿದ್ದರು. ಬಿಸಿಲಲ್ಲಿ ಬಂದವರಿಗೆ ತಾವೇ ನೀರು ಕೊಡುತ್ತಿದ್ದರು. ಹೆಣ್ಣುಮಕ್ಕಳನ್ನು ಒಬ್ಬರನ್ನೇ ಕಳುಹಿಸಬಹುದಾದ ಅಂಗಡಿ ಎಂದು ಹೆಸರಿತ್ತು. ನನ್ನ ಅಪ್ಪನೂ ಆ ಮಾತು ಕೇಳಿಯೇ ನನ್ನನ್ನು ಅಲ್ಲಿಗೆ ಸೇರಿಸಿದ್ದು. ಖಾಜಾಸಾಬರ ರೀತಿ ಬೇರೆ. ಬಾಯಲ್ಲಿ ಸದಾ ಸವಣೂರಿನ ವೀಳ್ಯದೆಲೆ, ಮಾತಿನಲ್ಲಿ ಸದಾ ಕೊಂಕು. ಎಂ.ಎಸ್ಸಿ. ಮುಗಿಸಿ ಅಲ್ಲಿ ಬಂದು ಕುಳಿತ ನನ್ನನ್ನು ಮೊದಲ ದಿನದಿಂದಲೇ ‘ಎಮ್ಮೆಸ್ಸಿ ಅಕ್ಕಾರ’ ಎಂದು ಕರೆದರು.

ಈ ಕೆಲಸದ ಎರಡು ರೂಢಿಗಳನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಜಿ ತುಂಬುವಾಗ ಸರ್ವರ್ ಅರ್ಧಕ್ಕೆ ಕೈಕೊಡುತ್ತದೆ, ತುಂಬಿದ್ದೆಲ್ಲ ಮಾಯವಾಗುತ್ತದೆ. ಅದಕ್ಕಾಗಿ ಗಿರಾಕಿ ಕುಳಿತ ಕೂಡಲೇ ನೋಟ್‌ಪ್ಯಾಡಿನಲ್ಲಿ ಒಂದು ಸಾಲು ಬರೆದುಕೊಳ್ಳುತ್ತೇವೆ: ಹೆಸರು, ಊರು, ಮೊಬೈಲ್ ನಂಬರು. ಕಂಟ್ರೋಲ್ ಮತ್ತು ಸಿ ಒತ್ತಿ ಆ ಸಾಲನ್ನು ಎತ್ತಿಕೊಳ್ಳುತ್ತೇವೆ, ಕಂಟ್ರೋಲ್ ಮತ್ತು ವಿ ಒತ್ತಿ ಬೇಕಾದಲ್ಲಿ ಇಳಿಸುತ್ತೇವೆ. ಕೆಲಸ ಮುಗಿದ ಮೇಲೆ ನೋಟ್‌ಪ್ಯಾಡನ್ನು ಉಳಿಸದೆ ಮುಚ್ಚುತ್ತೇವೆ. ಅಲ್ಲಿಗೆ ಆ ಸಾಲು ಅಳಿದುಹೋಯಿತು ಎಂದು ನಾನು ನಂಬಿದ್ದೆ. ಎರಡನೆಯ ರೂಢಿ, ಯಂತ್ರವನ್ನು ಎಂದೂ ಬಂದ್ ಮಾಡದಿರುವುದು. ಬೆಳಗ್ಗೆ ಸರ್ವರ್ ಚುರುಕಾಗಿರುವ ಹೊತ್ತನ್ನು ಯಂತ್ರ ಏಳುವುದಕ್ಕೆ ಕಳೆಯಬಾರದೆಂದು ರಾತ್ರಿ ಪರದೆಯನ್ನಷ್ಟೇ ಆರಿಸುತ್ತಿದ್ದೆವು. ಕರೆಂಟು ಹೋದರೆ ಯುಪಿಎಸ್ ಇತ್ತು. ಅದರ ಬ್ಯಾಟರಿ ಹಳೆಯದು. ಉಳಿದ ಯುಪಿಎಸ್‌ಗಳಂತೆ ಬಿಟ್ಟುಬಿಟ್ಟು ಕೂಗದೆ, ಗಂಟಲು ಕಟ್ಟಿದ ಹುಂಜದಂತೆ ಎಳೆದು ಕೂಗುತ್ತಿತ್ತು.

“ಮೌಸಿಗೆ ಕೈ ಹೋತಂದ್ರ ಗಿರಾಕಿ ಎದ್ದು ಹೋದ್ಹಂಗ,” ಎನ್ನುತ್ತಿದ್ದರು ಗುರಣ್ಣ. ಹಾಗಾಗಿ ಕೀಗಳನ್ನೇ ಕಲಿಯತೊಡಗಿದೆ. ಕಲಿಕೆ ಅಂಜಿಕೆಯಿಂದಲೇ ಶುರುವಾಯಿತು. ಒಂದು ದಿನ ವಯಸ್ಸಾದ ಹೆಂಗಸೊಬ್ಬರು ಪಿಂಚಣಿಯ ಅರ್ಜಿಗೆ ಬಂದು ಕುಳಿತಿದ್ದರು. ನನ್ನ ಬೆರಳು ಕಂಟ್ರೋಲ್, ಆಲ್ಟ್ ಮತ್ತು ಕೆಳಮುಖದ ಬಾಣವನ್ನು ಒಟ್ಟಿಗೆ ಒತ್ತಿಬಿಟ್ಟಿತು. ಪರದೆಯ ಮೇಲಿದ್ದದ್ದೆಲ್ಲ ತಲೆಕೆಳಗಾಯಿತು.

“ಯವ್ವಾ, ನನ್ನ ಪಗಾರ ಬೋರಲ ಬಿತ್ತು!” ಎಂದು ಆ ಅಜ್ಜಿ ಎದೆಗೆ ಕೈ ಇಟ್ಟುಕೊಂಡರು.

ಖಾಜಾಸಾಬ ಎದ್ದು ಬಂದು, ಮಾನಿಟರನ್ನು ಎರಡೂ ಕೈಯಲ್ಲಿ ಎತ್ತಿ, ಅದನ್ನೇ ತಲೆಕೆಳಗು ಮಾಡಿ ಹಿಡಿದರು. “ಹೂಂ, ತುಂಬ್ರಿ ಎಮ್ಮೆಸ್ಸಿ ಅಕ್ಕಾರ. ಲಗೂನ ತುಂಬ್ರಿ, ಕೈ ಬೀಳಾಕತ್ತಾವ.”

ಅದೇ ಮೂರು ಕೀಗಳಲ್ಲಿ ಬಾಣವನ್ನು ಮಾತ್ರ ಮೇಲಕ್ಕೆ ಒತ್ತಿದರೆ ಸರಿಹೋಗುತ್ತದೆ ಎಂದು ಹೊಳೆಯುವವರೆಗೂ ಅವರು ಹಾಗೆಯೇ ನಿಂತಿದ್ದರು. ಗೊತ್ತಿಲ್ಲದ ಕೀ ನನ್ನನ್ನು ಇನ್ನೊಮ್ಮೆ ಹೀಗೆ ಹಿಡಿಯಬಾರದೆಂದು, ಅಂದಿನಿಂದ ಊಟದ ಹೊತ್ತಿನಲ್ಲಿ ವಿಂಡೋಸ್ ಕೀ ಹಿಡಿದು ಒಂದೊಂದೇ ಅಕ್ಷರ ಒತ್ತಿ ನೋಡಿದೆ. ಡಿ ಒತ್ತಿದರೆ ತೆರೆದಿದ್ದೆಲ್ಲ ಅಡಗುತ್ತದೆ. ಇ ಒತ್ತಿದರೆ ಕಡತಗಳು ತೆರೆಯುತ್ತವೆ. ಎಲ್ ಒತ್ತಿದರೆ ಯಂತ್ರಕ್ಕೆ ಬೀಗ ಬೀಳುತ್ತದೆ. ಹಾಗೆ ಬರುತ್ತ ವಿ ಒತ್ತಿದೆ.

ಪುಟ್ಟದೊಂದು ಪೆಟ್ಟಿಗೆ ತೆರೆದುಕೊಂಡಿತು. ಅದರಲ್ಲಿ ಬೆಳಗಿನಿಂದ ನಾನು ಎತ್ತಿಕೊಂಡ ಸಾಲುಗಳು ಒಂದರ ಕೆಳಗೊಂದು ನಿಂತಿದ್ದವು. ಹೆಸರು, ಊರು, ನಂಬರು. ಉಳಿಸದೆ ಮುಚ್ಚಿದ್ದೆಲ್ಲ ಉಳಿದಿತ್ತು. ತೊಳೆದಿಟ್ಟ ಪಾತ್ರೆಯೊಳಗೆ ಕೈ ಹಾಕಿದರೆ ನಿನ್ನೆಯ ಅನ್ನ ಸಿಕ್ಕ ಹಾಗೆ ಅಸಹ್ಯವಾಯಿತು, ಕೊನೆಯವರೆಗೆ ನೋಡದೆ ಮುಚ್ಚಿದೆ. ಗುರಣ್ಣನಿಗೆ ಹೇಳಿದೆ. ಅವರು ಪರದೆಯತ್ತ ನೋಡಲೂ ಇಲ್ಲ.

“ಅದನ್ನ ಮುಟ್ಟಬ್ಯಾಡ ತಂಗಿ. ಏನರ ಕೆಟ್ಟಗಿಟ್ಟೀತು.”

ಮನೆಗೆ ಬಂದು ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಕೀಗಳನ್ನು ಒತ್ತಿದೆ. ಸಾಲುಗಳು ಬರಲಿಲ್ಲ. ಈ ಸೌಲಭ್ಯವನ್ನು ಚಾಲೂ ಮಾಡಲೇ ಎಂದು ಅದು ಕೇಳಿತು. ಅಂಗಡಿಯ ಯಂತ್ರ ಹಾಗೆ ಕೇಳಿರಲಿಲ್ಲ. ನನಗಿಂತ ಮೊದಲೇ ಯಾರೋ ಹೌದು ಎಂದಿದ್ದರು.

ಅದಾದ ಸ್ವಲ್ಪ ದಿನಕ್ಕೆ ರೇಣುಕಾ ಮತ್ತೆ ಅಂಗಡಿಗೆ ಬಂದಳು. ತಿಳವಳ್ಳಿಯ ಹುಡುಗಿ, ನರ್ಸಿಂಗ್ ಸೀಟಿಗೆ ಅರ್ಜಿ ಹಾಕಿದ್ದಳು. ಅರ್ಜಿಯ ಮೊದಲ ಭಾಗವನ್ನು ನಾನೇ ತುಂಬಿದ್ದೆ. ಅವಳಿಗೆ ಸ್ವಂತ ಫೋನಿರಲಿಲ್ಲ. ತಂದೆ ಫಕ್ಕೀರಪ್ಪ ಗೌಂಡಿ, ಅಂದರೆ ಗಾರೆ ಕೆಲಸದವರು, ಮನೆಗೆಲ್ಲ ಅವರದೊಂದೇ ಫೋನು. ಆ ನಂಬರನ್ನೇ ಕೊಟ್ಟಿದ್ದಳು. ಎರಡನೆಯ ಭಾಗ ತುಂಬಬೇಕಾದರೆ ಆ ಫೋನಿಗೆ ಬರುವ ಓಟಿಪಿ ಬೇಕು. ಕೊನೆಯ ದಿನಾಂಕ ಹತ್ತಿರವಾಗಿತ್ತು.

ಅವಳು ಕುರ್ಚಿಯಲ್ಲಿ ಕೂರಲಿಲ್ಲ. ಬಗ್ಗಿ ಮೆಲ್ಲನೆ ಕೇಳಿದಳು.

“ಅಕ್ಕಾರ, ನಮ್ಮಪ್ಪನ ನಂಬರ್ ಯಾರಿಗರ ಕೊಟ್ಟೀರೇನ್ರಿ?”

“ಇಲ್ಲ. ಯಾಕವ?”

“ಯಾರೋ ಫೋನ್ ಮಾಡಾಕತ್ತಾರ್ರಿ, ಸಂಜಿಮುಂದ. ಅಪ್ಪ ಎತ್ತಿದ್ರ ಮಾತಾಡಂಗಿಲ್ಲ. ಅವ್ವ ಎತ್ತಿದ್ರ ‘ರೇಣುಕಾಗ ಕೊಡ್ರಿ’ ಅಂತಾನಂತ.”

“ಅಪ್ಪಾರು ಏನಂದ್ರು?”

“‘ನನ್ನ ನಂಬರ ಅಂವಗ ನೀ ಕೊಡದ ಇನ್ನ್ಯಾರ ಕೊಡ್ತಾರ’ ಅಂದ್ರು. ಹೊಡೀಲಿಲ್ರಿ. ಬೈಯಲೂ ಇಲ್ಲ. ಫೋನ್ ತಗೊಂಡು ಕಿಸೇದಾಗ ಇಟ್ಕೊಂಡು, ‘ಸೀಟು ಗೀಟು ಬ್ಯಾಡ, ಮನ್ಯಾಗ ಇರು’ ಅಂದ್ರು.” ಅವಳು ಅಳುತ್ತಿರಲಿಲ್ಲ. “ಬೈದಿದ್ರ ಛಲೋ ಇತ್ರಿ ಅಕ್ಕಾರ. ಬೈದ್ರ ಮರುದಿನಾ ಮರೀತಾರ.”

ಗುರಣ್ಣ ಕೌಂಟರಿನಿಂದಲೇ ಕೇಳಿದರು, “ಏನಾತು ತಂಗಿ, ಓಟಿಪಿ ಬರವಲ್ದೇನ?” ರೇಣುಕಾ ಏನಿಲ್ಲ ಎಂದು ತಲೆಯಾಡಿಸಿ ಬಸ್ಸಿಗೆ ಓಡಿದಳು.

ಅದೇ ವಾರ ಯುಪಿಎಸ್ ಪೂರ್ತಿ ಕೈಕೊಟ್ಟಿತು. ಕರೆಂಟು ಹೋಯಿತು, ಅದು ಒಮ್ಮೆ ಎಳೆದು ಕೂಗಿ ಸುಮ್ಮನಾಯಿತು, ಯಂತ್ರ ಸತ್ತಿತು. ಕರೆಂಟು ಬಂದು ಯಂತ್ರ ಎದ್ದ ಮೇಲೆ ವಿಂಡೋಸ್ ಕೀ ಹಿಡಿದು ವಿ ಒತ್ತಿದೆ. ಯಂತ್ರ ಆರಿ ಎದ್ದರೆ ಆ ಪಟ್ಟಿ ಖಾಲಿಯಾಗುತ್ತದೆ ಎಂದು ನಾನು ಅಷ್ಟರಲ್ಲಿ ಓದಿ ತಿಳಿದಿದ್ದೆ. ಖಾಲಿಯಾದ ಪೆಟ್ಟಿಗೆ ನೋಡಿ ಸಮಾಧಾನಪಡಬೇಕೆಂದೇ ಒತ್ತಿದ್ದು.

ಅದು ಖಾಲಿ ಇರಲಿಲ್ಲ. ಮೂರು ಸಾಲುಗಳಿದ್ದವು. ಮೂವರೂ ಹುಡುಗಿಯರು. ಒಬ್ಬಳು ಸವಣೂರು ಕಡೆಯವಳು, ಒಬ್ಬಳು ಹಾನಗಲ್ಲಿನವಳೇ, ಮೂರನೆಯವಳು ತಿಳವಳ್ಳಿಯ ರೇಣುಕಾ. ಮೂರೂ ಸಾಲುಗಳ ಪಕ್ಕದಲ್ಲಿ ಚಿಕ್ಕ ಟಾಚಣಿಯ, ಅಂದರೆ ಪಿನ್ನಿನ, ಗುರುತು. ಹೊಸದು ಬಂದಂತೆ ಹಳೆಯದು ಕೆಳಗೆ ಬಿದ್ದುಹೋಗುವ ಪಟ್ಟಿ ಅದು. ಬೀಳಬಾರದು ಎನಿಸಿದ್ದಕ್ಕೆ ಮಾತ್ರ ಟಾಚಣಿ ಚುಚ್ಚಬೇಕು. ಹಾಗೆ ಚುಚ್ಚಿದ್ದು ಯಂತ್ರ ಆರಿದರೂ ಉಳಿಯುತ್ತದೆ.

ನಾನು ಪೆಟ್ಟಿಗೆ ಮುಚ್ಚಿದೆ. ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಲು ಧೈರ್ಯ ಬರಲಿಲ್ಲ. ಅಂಗಡಿಯಲ್ಲಿ ಎಂದಿನ ಸದ್ದುಗಳೇ ಇದ್ದವು, ಝೆರಾಕ್ಸ್ ಯಂತ್ರ ಕಾಗದ ನುಂಗುವುದು, ಖಾಜಾಸಾಬರ ಕತ್ತರಿ. ಅವರು ಫೋಟೋ ಕತ್ತರಿಸುತ್ತ, “ಈ ಹುಡುಗಿ ನಕ್ಕಿದ್ರ ಛಲೋ ಇತ್ತು,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಇವರೇ ಎಂದುಕೊಂಡೆ.

ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಬಹುದಿತ್ತು, ಅದಕ್ಕೂ ಶಾರ್ಟ್‌ಕಟ್ ಇದೆ. ಆದರೆ ಹಾಗೆ ತೆಗೆದ ಚಿತ್ರವೂ ಅದೇ ಪೆಟ್ಟಿಗೆಯೊಳಗೆ ಹೋಗಿ ಬೀಳುತ್ತದೆ. ಸಂಜೆ ಅದನ್ನು ತೆರೆಯುವವರು ಯಾರೇ ಇರಲಿ, ಅವರಿಗೆ ಮೊದಲು ಕಾಣುವುದು ನಾನು ತೆಗೆದ ಆ ಚಿತ್ರವೇ. ನನ್ನ ಮೊಬೈಲಿನಲ್ಲಿ ಫೋಟೋ ತೆಗೆಯೋಣವೆಂದರೆ, ಗಿರಾಕಿಗಳ ವಿವರ ಹೊರಗೆ ಹೋಗಬಾರದೆಂದು ಕೆಲಸದ ಹೊತ್ತಿನಲ್ಲಿ ನಮ್ಮ ಫೋನುಗಳನ್ನು ಗುರಣ್ಣ ಕೌಂಟರಿನ ಮೇಲೆ ತಮ್ಮೆದುರಿಗೇ ಇಡಿಸಿಕೊಳ್ಳುತ್ತಿದ್ದರು.

ಮನೆಯಲ್ಲಿ ಅವ್ವನ ಹಳೆಯ ಗುಂಡಿ ಫೋನೊಂದಿತ್ತು. ಅದರ ನಂಬರು ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮರುದಿನ ಕೆಲಸ ಮುಗಿಸುವಾಗ ನೋಟ್‌ಪ್ಯಾಡಿನಲ್ಲಿ ಕಾವ್ಯಾ ಎಂಬ ಇಲ್ಲದ ಹೆಸರು, ಹುಲಗೂರು ಎಂಬ ಊರು, ಆ ಫೋನಿನ ನಂಬರು ಬರೆದು, ಎತ್ತಿಕೊಂಡು, ಉಳಿಸದೆ ಮುಚ್ಚಿ, ಬಸ್ ಸ್ಟ್ಯಾಂಡಿಗೆ ನಡೆದೆ. ಗುಂಡಿ ಫೋನು ಊಟದ ಡಬ್ಬಿಯ ಚೀಲದಲ್ಲಿತ್ತು.

ಮೊದಲ ಸಂಜೆ ಏನೂ ಆಗಲಿಲ್ಲ. ಮರುದಿನ ಸಂಜೆ ಬಸ್ ತಡವಾಗಿತ್ತು. ಖಾಜಾಸಾಬರೂ ಅಂದು ಬೇಗ ಹೊರಟು, ಸವಣೂರಿನ ಬಸ್ಸಿಗೆ ಕಾಯುತ್ತ ಅದೇ ಕಟ್ಟೆಯ ಮೇಲೆ ಕುಳಿತು ಭಜಿ ತಿನ್ನುತ್ತಿದ್ದರು. ಚೀಲದೊಳಗೆ ಫೋನು ಹೊಡೆದುಕೊಂಡಿತು. ನಾನು ಮೊದಲು ನೋಡಿದ್ದು ಖಾಜಾಸಾಬರ ಕೈಗಳನ್ನು. ಒಂದರಲ್ಲಿ ಭಜಿ, ಇನ್ನೊಂದರಲ್ಲಿ ಮೆಣಸಿನಕಾಯಿ.

ಗೊತ್ತಿಲ್ಲದ ನಂಬರು. ಫೋನನ್ನು ಕಿವಿಗೆ ಹಿಡಿದೆ, ಮಾತಾಡಲಿಲ್ಲ.

“ಕಾವ್ಯಾ ಅಲ್ಲಾ?” ಗಂಡಸಿನ ದನಿ, ಬೇಕೆಂದೇ ಇಳಿಸಿದ್ದು. “ಅರ್ಜಿ ತುಂಬಿದ್ಯಲ್ಲ... ಮಾತಾಡಂಗಿಲ್ಲೇನ?”

ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ದೀಪಗಳು ಹೋದವು. ಸಾಲಿನ ಅಂಗಡಿಗಳೆಲ್ಲ ಒಮ್ಮೆಲೇ ಮಬ್ಬಾದವು. ಅದೇ ಕ್ಷಣ ಫೋನಿನೊಳಗೆ, ಆ ದನಿಯ ಹಿಂದೆ, ಗಂಟಲು ಕಟ್ಟಿದ ಹುಂಜ ಎಳೆದು ಕೂಗಿತು. ಕೈಕೊಟ್ಟ ಹಳೆಯ ಬ್ಯಾಟರಿಯನ್ನೇ ಚಾರ್ಜ್ ಮಾಡಿಸಿ ಮತ್ತೆ ಕೂರಿಸಿದ್ದರು. ದಿನವಿಡೀ ನನ್ನ ಕಾಲಬುಡದಲ್ಲಿರುವ ಯುಪಿಎಸ್ ಅದು.

“ನಾಚಿಕಿ ಏನ, ತಂಗಿ?” ಎಂದಿತು ದನಿ.

ನಾನು ಫೋನು ಇಟ್ಟೆ. ಮಬ್ಬಿನಲ್ಲಿ ಖಾಜಾಸಾಬರ ಮಾತು ಕೇಳಿಸಿತು, “ಯಾಕ್ರಿ ಅಕ್ಕಾರ, ಬೆವರಾಕತ್ತೀರಿ? ಭಜಿ ತಿಂದಾಂವ ನಾನು, ಖಾರ ಹತ್ತಿದ್ದು ನಿಮಗೇನು?”

ಅವರಿಗೆ ಅಲ್ಲಿಯೇ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. “ನಂಗೂ ಹೆಣ್ಣಮಕ್ಕಳದಾವ,” ಎಂದಷ್ಟೇ ಹೇಳಿ, ಉಳಿದ ಭಜಿಯನ್ನು ಕಾಗದದಲ್ಲಿ ಸುತ್ತಿಟ್ಟರು.

ಮರುದಿನ ಮತ್ತೆ ಅದೇ ಕುರ್ಚಿ. ಪಟ್ಟಿಯಲ್ಲಿ ಕಾವ್ಯಾಳ ಸಾಲಿಗೂ ಟಾಚಣಿ ಬಿದ್ದಿತ್ತು. ಗುರಣ್ಣ ನನ್ನ ಬೆನ್ನ ಹಿಂದೆ ಓಡಾಡುವಾಗ ಅವರ ಚಪ್ಪಲಿಯ ಸದ್ದು ನಿಂತರೆ ನನ್ನ ಬೆರಳೂ ನಿಲ್ಲುತ್ತಿತ್ತು. ನೇರವಾಗಿ ಕೇಳಿದರೆ ಅವರು ಆ ಸಾಲುಗಳನ್ನು ಅಳಿಸಿಬಿಡುತ್ತಾರೆ. ಅಳಿಸಿದರೆ ರೇಣುಕಾಳ ಮಾತಿಗೆ ಯಾವ ಆಧಾರವೂ ಉಳಿಯುವುದಿಲ್ಲ. ಅವಳ ಅರ್ಜಿಯ ಕೊನೆಯ ದಿನಾಂಕ ನಮಗಾಗಿ ಕಾಯುವುದಿಲ್ಲ. ಊರವರ ಫೋನಿನಿಂದ ನನಗೊಮ್ಮೆ ಕರೆ ಮಾಡಿದ ರೇಣುಕಾಳಿಗೆ, ಹೇಗಾದರೂ ಅಪ್ಪನನ್ನು ಅಂಗಡಿಗೆ ಕರೆದುಕೊಂಡು ಬಾ ಎಂದೆ. “ಬರಂಗಿಲ್ರಿ ಅಪ್ಪ,” ಎಂದಳು.

ಆದರೆ ಫಕ್ಕೀರಪ್ಪ ಬಂದರು. ಮಧ್ಯಾಹ್ನದ ಹೊತ್ತು, ಅಂಗಿಯ ಮೇಲೆ ಸಿಮೆಂಟಿನ ಧೂಳು ಹಾಗೆಯೇ ಇತ್ತು. ರೇಣುಕಾ ಮೆಟ್ಟಿಲ ಮೇಲೆಯೇ ನಿಂತಳು, ಒಳಗೆ ಬರಲಿಲ್ಲ.

“ನನ್ನ ನಂಬರ ಬರ್ಕೊಂಡ ಬಾಯಾರು ಯಾರ್ರಿ?”

“ಬರ್ರಿ ಯಜಮಾನ್ರ, ಕುಂದರ್ರಿ,” ಎಂದು ಗುರಣ್ಣ ನೀರಿನ ಲೋಟ ತಂದರು.

“ನೀರು ಬ್ಯಾಡ್ರಿ. ಈ ಅಂಗಡಿ ಬಿಟ್ರ ಇನ್ನೆಲ್ಲೂ ನಂಬರ ಕೊಟ್ಟಿಲ್ಲಂತ ನನ್ನ ಮಗಳು ಆಣಿ ಮಾಡಾಕತ್ತಾಳ. ಖರೇ ಏನು ಅಂತ ಕೇಳಾಕ ಬಂದೇನಿ.”

“ಹುಡುಗ್ರು ಹಂಗಽ ಹೇಳ್ತಾವ್ರಿ. ಈಗಿನ ಕಾಲಾ ನಿಮಗ ಗೊತ್ತಲ್ಲ,” ಎಂದರು ಗುರಣ್ಣ, ಬಹಳ ಮೃದುವಾಗಿ.

ಮೆಟ್ಟಿಲ ಮೇಲಿನ ಹುಡುಗಿ ತಲೆ ತಗ್ಗಿಸಿದ್ದು ಕಂಡಿತು. “ಈ ಕಡೆ ಬರ್ರಿ, ತೋರಸ್ತೇನಿ,” ಎಂದೆ. ವಿಂಡೋಸ್ ಕೀ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಗುರಣ್ಣ ಬಗ್ಗಿದರು. ಪರದೆ ಕಪ್ಪಾಯಿತು.

“ಕರೆಂಟ್ ಹೋತು ನೋಡ್ರಿ,” ಎಂದರು ನೆಟ್ಟಗೆ ನಿಂತು.

ಖಾಜಾಸಾಬ ನಿಧಾನವಾಗಿ ತಲೆ ಎತ್ತಿ ಮೇಲೆ ನೋಡಿದರು.

“ಫ್ಯಾನ್ ತಿರಗಾಕತ್ತೈತಲ್ರಿ, ಗುರಣ್ಣ.”

ಅವರು ಹೊರಗೆ ಹೋಗಿ ಎಲೆ ಉಗುಳಿ ಬಂದು, ಮೇಜಿನ ಕೆಳಗೆ ಕೈ ಹಾಕಿ, ಯುಪಿಎಸ್‌ನ ಗುಂಡಿ ಒತ್ತಿದರು. ಯಂತ್ರ ಏಳತೊಡಗಿತು. ಅದು ಅಷ್ಟು ನಿಧಾನವಾಗಿ ಎಂದೂ ಎದ್ದಿರಲಿಲ್ಲ. ಪಾಸ್‌ವರ್ಡ್ ಒಮ್ಮೆ ತಪ್ಪಿತು, ಮತ್ತೊಮ್ಮೆ ತಪ್ಪಿತು. ಗುರಣ್ಣನ ಉಸಿರು ನನ್ನ ಕಿವಿಯ ಹತ್ತಿರವೇ ಕೇಳಿಸುತ್ತಿತ್ತು. ಕೊನೆಗೆ ಪರದೆ ತೆರೆಯಿತು. ವಿಂಡೋಸ್ ಹಿಡಿದು ವಿ ಒತ್ತಿದೆ.

ಅಂದಿನ ಗಿರಾಕಿಗಳ ಸಾಲುಗಳೆಲ್ಲ ಯಂತ್ರದೊಂದಿಗೆ ಆರಿ ಅಳಿದುಹೋಗಿದ್ದವು. ಉಳಿದದ್ದು ಟಾಚಣಿ ಚುಚ್ಚಿದ ನಾಲ್ಕು ಮಾತ್ರ.

ಫಕ್ಕೀರಪ್ಪ ಪರದೆಯ ಹತ್ತಿರ ಮುಖ ತಂದರು. ಗಾಜಿನ ಮೇಲೆ ಬೆರಳಿಟ್ಟು ತಮ್ಮ ನಂಬರನ್ನು ಒಂದೊಂದೇ ಅಂಕಿಯಾಗಿ ಬಾಯಿಬಿಟ್ಟು ಓದಿದರು. ಬೆರಳು ಹೋದಲ್ಲೆಲ್ಲ ಸಿಮೆಂಟಿನ ಗೆರೆ ಉಳಿಯಿತು.

“ಇದು ನಂದು.”

“ಹೌದ್ರಿ.”

“ಇದರ ಬಾಜೂಕ ಇದೇನ?”

“ಟಾಚಣಿರಿ. ಅಳಿಸಿ ಹೋಗಬಾರ್ದಂತ ಚುಚ್ಚಿಡೋದು.”

“ತಾನಽ ಚುಚ್ಕೋತೈತೇನ?”

“ಇಲ್ರಿ. ಯಾರರ ಕುಂತು ಚುಚ್ಚಬೇಕು.”

“ಈಕೀನಽ ಚುಚ್ಚಿರಬೇಕು!” ಗುರಣ್ಣನ ದನಿ ಮೊದಲ ಬಾರಿಗೆ ಏರಿತು. “ಇಡೀ ದಿನಾ ಏನೇನೋ ಕೀ ಒತ್ತಕೊಂತ ಕುಂತಿರ್ತಾಳ!”

ನಾನು ಡಬ್ಬಿಯ ಚೀಲದಿಂದ ಗುಂಡಿ ಫೋನು ತೆಗೆದು ಫಕ್ಕೀರಪ್ಪನವರ ಕೈಗೆ ಕೊಟ್ಟೆ. “ನಾಕನೇ ಸಾಲು ಈ ಫೋನಿಂದ್ರಿ. ಕಾವ್ಯಾ ಅನ್ನೋರು ಯಾರೂ ಇಲ್ಲ. ಈ ನಂಬರ ನಾ ಬ್ಯಾರೆ ಎಲ್ಲೂ ಕೊಟ್ಟಿಲ್ಲ. ಇದಕ್ಕ ಬಂದ ಫೋನು, ನಿಮಗ ಬಂದ ಫೋನು, ಎರಡೂ ಕೂಡ್ಸಿ ನೋಡ್ರಿ.”

ಅವರು ಎರಡೂ ಫೋನುಗಳನ್ನು ಅಕ್ಕಪಕ್ಕ ಹಿಡಿದು ನೋಡಿದರು. ಕರೆ ಬಂದ ನಂಬರು ಒಂದೇ ಆಗಿತ್ತು.

“ಆ ಹೊತ್ನ್ಯಾಗ ನಾ ಬಸ್ ಸ್ಟ್ಯಾಂಡಿನ್ಯಾಗ ಭಜಿ ತಿನ್ನಾಕತ್ತಿದ್ದೆ,” ಎಂದರು ಖಾಜಾಸಾಬ. “ಅಕ್ಕಾರು ಬಾಜೂಕ ಕುಂತು ಬೆವರಾಕತ್ತಿದ್ರು. ಅಂಗಡ್ಯಾಗ ಉಳದಾವ್ರು ಯಾರು ಅಂತ ನಾ ಹೇಳಂಗಿಲ್ಲ, ನೀವಽ ಎಣಿಸ್ರಿ.”

ಫಕ್ಕೀರಪ್ಪ ಗುರಣ್ಣನನ್ನು ನೋಡಿದರು. ಹೊಡೆಯುತ್ತಾರೆ ಎಂದುಕೊಂಡೆ. ಅವರು ಮುಟ್ಟಲಿಲ್ಲ. ಮೇಜಿನ ಮೇಲಿದ್ದ ನೀರಿನ ಲೋಟವನ್ನು ಎತ್ತಿ ಗುರಣ್ಣನ ಮುಂದೆ ಇಟ್ಟರು. ಹೊರಗೆ ಹೋಗಿ ಮಗಳ ಮುಂದೆ ನಿಂತು, ಅವಳ ಹೆಗಲ ಮೇಲಿನ ಚೀಲವನ್ನು ತಾವು ಹಾಕಿಕೊಂಡರು.

ನಾನೂ ಖಾಜಾಸಾಬರೂ ಆಗಲೇ ಅಂಗಡಿ ಬಿಟ್ಟೆವು. ಅವರು ಈಗ ಸವಣೂರಿನಲ್ಲಿ ಸ್ವಂತ ಲ್ಯಾಮಿನೇಶನ್ ಯಂತ್ರ ಇಟ್ಟುಕೊಂಡಿದ್ದಾರೆ. ಮಗಳ ಹೆಸರು ಕಾಗದಕ್ಕೆ ಹತ್ತುವುದು ಫಕ್ಕೀರಪ್ಪನವರಿಗೆ ಬೇಡವಾಗಿತ್ತು. ಹಾಗಾಗಿ ಪೊಲೀಸರಿಗೆ ದೂರನ್ನು ನನ್ನ ಹೆಸರಿನಲ್ಲಿ ಕೊಟ್ಟೆ, ಅದು ಇನ್ನೂ ನಡೆಯುತ್ತಿದೆ. ಅಂಗಡಿಗೆ ಬೇರೆ ಬೋರ್ಡು ಬಂದಿದೆ ಎಂದು ಕೇಳಿದ್ದೇನೆ. ಉಳಿದ ಇಬ್ಬರು ಹುಡುಗಿಯರಿಗೆ ನಾನೇ ಫೋನು ಮಾಡಿದೆ. ಒಬ್ಬಳು ನನ್ನ ಮಾತು ಮುಗಿಯುವ ಮುಂಚೆಯೇ ಇಟ್ಟುಬಿಟ್ಟಳು. ಹೊಸ ದನಿಯನ್ನು ಅವಳು ಹೇಗೆ ನಂಬಿಯಾಳು? ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ನಾನೂ ಈಗ ಮೊದಲು ಮಾತಾಡುವುದಿಲ್ಲ. ಹಿಂದಿನ ಸದ್ದು ಕೇಳಿಸಿಕೊಳ್ಳುತ್ತೇನೆ.

ಹೊಸ ಅಂಗಡಿಯಲ್ಲಿ ಕುಳಿತ ದಿನ ನೀವು ಮೊದಲು ಒತ್ತಬೇಕಾದದ್ದು ವಿಂಡೋಸ್ ಮತ್ತು ವಿ. ಯಂತ್ರ ಚಾಲೂ ಮಾಡಲೇ ಎಂದು ಕೇಳಿದರೆ ಒಳ್ಳೆಯದು. ಕೇಳದೆಯೇ ತೋರಿಸಿದರೆ, ಏನು ತೋರಿಸುತ್ತಿದೆ ಎಂದು ಕೊನೆಯವರೆಗೆ ನೋಡಿ.

ರೇಣುಕಾಳ ಅರ್ಜಿಯನ್ನು ತಿಳವಳ್ಳಿಯ ಅವರ ಮನೆಯಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲಿ ತುಂಬಿದೆವು. ಕೊನೆಯ ದಿನಾಂಕ ಇನ್ನೂ ದಾಟಿರಲಿಲ್ಲ. ಫಕ್ಕೀರಪ್ಪ ಬಾಗಿಲ ಹತ್ತಿರ ಕುಳಿತಿದ್ದರು. ಓಟಿಪಿ ಬಂದ ಸದ್ದಾಯಿತು. ಅವರು ಕಿಸೆಯಿಂದ ಫೋನು ತೆಗೆದರು, ಓದಿಕೊಂಡರು, ಆದರೆ ಹೇಳಲಿಲ್ಲ. ಎದ್ದು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತರು.

“ಮೊದಲ ಆ ಪೆಟಿಗಿ ತಗೀರಿ, ಬಾಯಾರ.”

ಒತ್ತಿದೆ. ಚಾಲೂ ಮಾಡಲೇ ಎಂದು ಯಂತ್ರ ಕೇಳಿತು. ಬೇಡವೆಂದು ಮುಚ್ಚಿದೆ.

“ಟಾಚಣಿ ಇಲ್ಲಲ್ಲ?”

“ಇಲ್ರಿ.”

ಅವರು ಫೋನನ್ನು ನನಗಲ್ಲ, ರೇಣುಕಾಳ ಕೈಗೆ ಕೊಟ್ಟರು.

“ನೀನಽ ಓದವಾ,” ಎಂದರು.